ದಾಸೋಹಕ್ಕೂ ಓದು ಬೇಕೆ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಣ ಮಾಡಿ ರೂಢಿಯಿದ್ದವನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೀರಾವರಿ ಇಲಾಖೆಯಲ್ಲಿ ಕಾಲುವೆ ಕೆಲಸ ಮಾಡಿಸಿದವನು, ಅದರಲ್ಲಿ ಬಹುಪಾಲು ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ. "ನಿಮಗೆ ಗೊತ್ತಿರೋದನ್ನ ಮಾತಾಡ್ರಿ" ಎಂದು ಶ್ರೀಗಳು ಅಪ್ಪಣೆ ಕೊಡಿಸಿದರು. ನನಗೆ ಚೆನ್ನಾಗಿ ಗೊತ್ತಿರುವುದು ಎರಡೇ. ಒಂದು ಕಾಲುವೆ, ಇನ್ನೊಂದು ನಾನೇ ಮಾಡಿದ ತಪ್ಪು. ಇವತ್ತಿನ ವಿಷಯಕ್ಕೆ ಎರಡೂ ಬೇಕಾಗುತ್ತವೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳನ್ನು, ಸಮಾಜಕ್ಕಾಗಿ ನಡೆಯುವ ಉದ್ಯಮಗಳನ್ನು ನಡೆಸುವ ವಿದ್ಯೆಯನ್ನು ಈಗ ಎರಡು ವರ್ಷದ ಸ್ನಾತಕೋತ್ತರ ಪದವಿಯಾಗಿ ಕಲಿಸುತ್ತಾರೆ. ಅದನ್ನು ನಮ್ಮ ಮಕ್ಕಳು ಓದಬೇಕೆ, ನಾವು ಓದಿಸಬೇಕೆ ಎಂಬುದು ವಿಷಯ.

ನಾನು ನಿವೃತ್ತನಾದ ವರ್ಷ ನಮ್ಮ ಭಾಗದ ಒಂದು ಸಣ್ಣ ಟ್ರಸ್ಟಿನವರು ಮನೆಗೆ ಬಂದರು. ಹಳ್ಳಿಯ ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸುವ ಟ್ರಸ್ಟು. "ಸಾಹೇಬ್ರ, ಕೋಟಿಗಟ್ಟಲೆ ಕಾಮಗಾರಿ ಮಾಡಿಸಿದವ್ರು ನೀವು, ಅರವತ್ತು ಹುಡುಗರ ಊಟದ ಲೆಕ್ಕ ನಿಮಗೇನು ದೊಡ್ಡದ್ರಿ" ಅಂದರು. ನನಗೂ ಹಾಗೇ ಅನ್ನಿಸಿತು. ಕಾರ್ಯದರ್ಶಿಯಾದೆ.

ಕಪಾಟು ತೆಗೆದು ನೋಡಿದರೆ ಮೂರು ರಸೀದಿ ಪುಸ್ತಕ ಒಟ್ಟಿಗೇ ನಡೆಯುತ್ತಿದ್ದವು. ಒಬ್ಬ ಹಿರಿಯ ತಾಯಿ ತಮ್ಮ ಯಜಮಾನರ ಸ್ಮರಣೆಗೆ ಓದುವ ಕೋಣೆ ಕಟ್ಟಿಸಲೆಂದು ಕೊಟ್ಟಿದ್ದ ಹಣ ಜೋಳಕ್ಕೆ, ಎಣ್ಣೆಗೆ, ಗ್ಯಾಸಿಗೆ ಖರ್ಚಾಗಿತ್ತು. ಯಾರೂ ಕದ್ದಿರಲಿಲ್ಲ. ಒಂದು ರೂಪಾಯಿಯೂ ಯಾರ ಮನೆಗೂ ಹೋಗಿರಲಿಲ್ಲ. ಹುಡುಗರೇ ಉಂಡಿದ್ದರು. ಆದರೆ ಆ ತಾಯಿ ಮಗನ ಜೊತೆ ಬಂದು "ಕೋಣಿ ಎಲ್ಲೈತಿ ತೋರಿಸ್ರಿ" ಎಂದಾಗ ನಾವೆಲ್ಲ ತಲೆ ತಗ್ಗಿಸಿ ನಿಂತೆವು. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕಕ್ಕೆ ಏರದ ಒಂದು ಬುಟ್ಟಿ ಮಣ್ಣಿಗೂ ಬಿಲ್ಲು ಆಗುವುದಿಲ್ಲ. ಇಲ್ಲಿ ಭಕ್ತಿಯಿಂದ ಕೊಟ್ಟ ಹಣಕ್ಕೆ ಅಳತೆ ಪುಸ್ತಕವೇ ಇರಲಿಲ್ಲ.

ಅದು ಹಿಂದಿನವರ ತಪ್ಪು ಎನ್ನಬಹುದು. ಮುಂದಿನದು ನನ್ನದು. ಹಳೆಯ ನೋಂದಣಿ ಇದ್ದ ಧರ್ಮಾದಾಯ ಟ್ರಸ್ಟುಗಳೂ ಆದಾಯ ತೆರಿಗೆ ಇಲಾಖೆಯಲ್ಲಿ ಮತ್ತೆ ನೋಂದಣಿ ಮಾಡಿಸಬೇಕೆಂಬ ನಿಯಮ 2021ರ ಏಪ್ರಿಲ್‌ನಿಂದ ಬಂತು. ಗಡುವನ್ನು ಹಲವು ಸಲ ಮುಂದೂಡಿದರು. ಲೆಕ್ಕ ನೋಡುವವರು ಮಾಡಿಸುತ್ತಾರೆಂದು ನಾನು ಸುಮ್ಮನಿದ್ದೆ. ನಾವು ಹೇಳಲಿ ಎಂದು ಅವರು ಸುಮ್ಮನಿದ್ದರು. ಅದೇ ಹೊತ್ತಿಗೆ ಒಂದು ಕಂಪನಿಯವರು ನಿಲಯ ನೋಡಿ ಹೋದರು. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಲ್ಲ, ಆ ಹಣ. ಅವರು ಹುಡುಗರನ್ನು ಕಂಡು ಸಂತೋಷಪಟ್ಟರು, ಪ್ರಸಾದ ಸ್ವೀಕರಿಸಿದರು, ಆಮೇಲೆ ನೋಂದಣಿ ಪತ್ರ ಕೇಳಿದರು. ಇರಲಿಲ್ಲ. ಆ ಜೂನ್‌ನಲ್ಲಿ ಹೊಸದಾಗಿ ಸೇರಬೇಕಿದ್ದ ಹನ್ನೆರಡು ಹುಡುಗರನ್ನು ವಾಪಸು ಕಳಿಸಿದೆವು. ಒಬ್ಬ ತಂದೆ ಟ್ರಂಕನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದಿದ್ದ. ಅದನ್ನು ಕೆಳಗಿಳಿಸಲೇ ಇಲ್ಲ, ಹಾಗೇ ತಿರುಗಿ ಬಸ್‌ ಸ್ಟ್ಯಾಂಡಿಗೆ ನಡೆದ. ಅಣೆಕಟ್ಟಿನ ಗೇಟಿನ ಲೆಕ್ಕ ಬಲ್ಲೆನೆಂಬ ನನ್ನ ಹಮ್ಮು ಅವತ್ತು ಇಳಿಯಿತು.

ಅದೇ ವರ್ಷ ನನ್ನ ತಮ್ಮನ ಮಗಳು ಮನೆಯಲ್ಲಿ ಒಂದು ಗದ್ದಲ ಎಬ್ಬಿಸಿದಳು. ಬಿ.ಇ. ಮುಗಿಸಿ ಬೆಂಗಳೂರಿನ ಕಂಪನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು ಅದನ್ನು ಬಿಟ್ಟು ಇಂಥದೊಂದು ಸ್ನಾತಕೋತ್ತರ ಓದಿಗೆ ಹೋಗುತ್ತೇನೆ ಎಂದಳು. ತಮ್ಮ ಸಿಟ್ಟಾದ. "ಸೇವಾ ಮಾಡಾಕ ಡಿಗ್ರಿ ಬೇಕೇನಣ್ಣ? ಸಿದ್ಧಗಂಗೆಯ ಅಜ್ಜಾರು ಯಾವ ಮ್ಯಾನೇಜ್‌ಮೆಂಟ್ ಓದಿದ್ರು?" ಎಂದು ನನ್ನನ್ನೇ ಕೇಳಿದ. ನಾನು ಉತ್ತರ ಕೊಡಲಿಲ್ಲ. ಟ್ರಂಕು ಹೊತ್ತವನ ಬೆನ್ನು ಕಣ್ಣಮುಂದೆ ಇತ್ತು. ಅಂಥ ಮಹಾತ್ಮರು ಶತಮಾನಕ್ಕೆ ಒಬ್ಬರು. ಉಳಿದ ಸಾವಿರಾರು ನಿಲಯಗಳನ್ನು, ಶಾಲೆಗಳನ್ನು ನಮ್ಮಂಥ ಸಾಮಾನ್ಯರೇ ನಡೆಸಬೇಕು. ಸಾಮಾನ್ಯರಿಗೆ ತರಬೇತಿ ಬೇಕು.

ಅವಳು ಓದಲು ಹೋದಳು. ಮೊದಲ ವರ್ಷದ ರಜೆಯಲ್ಲಿ ಮೂರು ವಾರ ನಮ್ಮ ನಿಲಯದಲ್ಲೇ ಬಂದು ಉಳಿದಳು. ಮೊದಲ ದಿನವೇ ಕೇಳಿದಳು: "ದೊಡ್ಡಪ್ಪ, ಇಲ್ಲಿಂದ ಹೋದ ಹುಡುಗರು ಈಗ ಏನ್ ಮಾಡ್ತಿದಾರೆ?" ನಾನು ವರ್ಷಕ್ಕೆ ಎಷ್ಟು ಮಂದಿ ಸೇರಿದರು, ಎಷ್ಟು ಊಟ ಬಡಿಸಿದೆವು, ಎಷ್ಟು ಕ್ವಿಂಟಲ್ ಅಕ್ಕಿ ಎಂದು ಹೇಳಿದೆ. ಅವಳು ನಕ್ಕಳು. "ನೀವು ಕಾಲುವೆ ಎಷ್ಟು ಕಿಲೋಮೀಟರ್ ಅಂತ ಹೇಳ್ತಿದೀರಿ. ಕೊನೇ ಹೊಲಕ್ಕೆ ನೀರು ಮುಟ್ಟಿತೋ ಇಲ್ಲವೋ ಹೇಳಿ."

ಬಂಧುಗಳೆ, ಕಾಲುವೆ ಎಂಜಿನಿಯರನಿಗೆ ಇದಕ್ಕಿಂತ ಚುಚ್ಚುವ ಮಾತು ಇನ್ನೊಂದಿಲ್ಲ. ಕಾಲುವೆ ಉದ್ಘಾಟನೆಯಾಗುತ್ತದೆ, ಫೋಟೋ ಬರುತ್ತದೆ, ಕೊನೆಯ ಭಾಗದ ರೈತ ಒಣ ಹೊಲದಲ್ಲಿ ನಿಂತಿರುತ್ತಾನೆ. ನಾವು ಹಳೆಯ ದಾಖಲೆ ಹುಡುಕಿ, ಹಿಂದಿನ ಹುಡುಗರಿಗೆ ಫೋನು ಹಚ್ಚಿದೆವು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಪಿಯುಸಿ ವಿಜ್ಞಾನಕ್ಕೆ ಹೋದವರಲ್ಲಿ ಹಲವರು ಮೊದಲ ವರ್ಷವೇ ಬಿಟ್ಟಿದ್ದರು. ಕಾರಣ ಬಡತನವಲ್ಲ. ಕನ್ನಡದಲ್ಲಿ ಕಲಿತವರಿಗೆ ಒಮ್ಮೆಲೇ ಇಂಗ್ಲಿಷಿನ ಪಾಠ ಬಂದಿತ್ತು. ಊಟ ಕೊಟ್ಟ ನಾವು ಅದನ್ನು ಒಂದು ದಿನವೂ ಕೇಳಿರಲಿಲ್ಲ. ಈಗ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಎರಡು ತಿಂಗಳು ಹಳೆಯ ವಿದ್ಯಾರ್ಥಿಗಳೇ ಬಂದು ಪಾಠ ಹೇಳುತ್ತಾರೆ. ಖರ್ಚು ಹೆಚ್ಚೇನಿಲ್ಲ, ಅವರ ಬಸ್‌ ಚಾರ್ಜು ಮತ್ತು ಊಟ.

ಈ ಓದಿನಲ್ಲಿ ಏನು ಕಲಿಸುತ್ತಾರೆ ಎಂದು ಕೇಳುವವರಿಗೆ ಅವಳಿಂದ ತಿಳಿದದ್ದನ್ನು ಹೇಳುತ್ತೇನೆ. ಒಂದು ಉದ್ದೇಶಕ್ಕೆ ಬಂದ ಹಣವನ್ನು ಇನ್ನೊಂದಕ್ಕೆ ಬೆರೆಸದೆ ಲೆಕ್ಕ ಇಡುವುದು. ಮೂಲನಿಧಿ ಯಾವುದು, ವರ್ಷದ ಖರ್ಚಿನ ಹಣ ಯಾವುದು ಎಂಬುದು. ಟ್ರಸ್ಟಿನ, ಸಂಘದ, ವಿದೇಶಿ ದೇಣಿಗೆಯ ಕಾನೂನು. ಆಡಳಿತ ಮಂಡಳಿ ಹೇಗಿರಬೇಕು ಎಂಬುದು. ಸಂಬಳದವರನ್ನೂ ಸ್ವಯಂಸೇವಕರನ್ನೂ ಒಟ್ಟಿಗೆ ದುಡಿಸುವುದು. ದಾನಿಗಳಿಗೆ ಸುಳ್ಳು ಹೇಳದೆ ದಾನ ಕೇಳುವುದು. ಫಲವನ್ನು ಅಳೆಯುವುದು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು, ಹಳ್ಳಿಯಲ್ಲಿ ವಾರಗಟ್ಟಲೆ ಇದ್ದು ಬರಬೇಕೆಂಬ ಕಟ್ಟಳೆ.

ಈ ಕಟ್ಟಳೆಗೆ ನಮ್ಮ ದೇಶದಲ್ಲಿ ಹೆಸರಾದದ್ದು ಗುಜರಾತಿನ ಆನಂದ್‌ನ ಗ್ರಾಮೀಣ ನಿರ್ವಹಣಾ ಸಂಸ್ಥೆ, ಇರ್ಮಾ. ಅದನ್ನು 1979ರಲ್ಲಿ ಕಟ್ಟಿದ ವರ್ಗೀಸ್ ಕುರಿಯನ್ ಮೆಕ್ಯಾನಿಕಲ್ ಎಂಜಿನಿಯರ್. ನಮ್ಮ ಪಂಗಡದವರು ಎಂದು ನನಗೆ ಸ್ವಲ್ಪ ಹೆಮ್ಮೆ. 1949ರಲ್ಲಿ ಸರ್ಕಾರಿ ಕೆಲಸಕ್ಕೆಂದು ಮನಸ್ಸಿಲ್ಲದೆ ಆನಂದ್‌ಗೆ ಹೋದವರು, ತ್ರಿಭುವನದಾಸ ಪಟೇಲರ ಜೊತೆ ಸೇರಿ ಹಾಲು ಹಾಕುವ ರೈತರ ಸಹಕಾರಿ ಸಂಘವನ್ನು ಅಮುಲ್ ಆಗಿ ಬೆಳೆಸಿದರು. ರೈತರ ಸಂಸ್ಥೆಗೆ ಒಳ್ಳೆಯ ಮನಸ್ಸು ಮಾತ್ರ ಸಾಲದು, ಕಂಪನಿಗಳಲ್ಲಿರುವಷ್ಟೇ ನುರಿತ ವ್ಯವಸ್ಥಾಪಕರು ಬೇಕು, ಅವರು ರೈತನ ಕೈಕೆಳಗೆ ದುಡಿಯಬೇಕು ಎಂಬುದು ಅವರ ಹಟ. ಅದಕ್ಕಾಗಿಯೇ ಇರ್ಮಾ. 2025ರಲ್ಲಿ ಸಂಸತ್ತಿನ ಕಾಯ್ದೆಯಿಂದ ಅದೇ ನೆಲದಲ್ಲಿ ತ್ರಿಭುವನ್ ಹೆಸರಿನ ಸಹಕಾರಿ ವಿಶ್ವವಿದ್ಯಾಲಯ ಆಯಿತು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ 2007ರಿಂದ ಸಾಮಾಜಿಕ ಉದ್ಯಮಶೀಲತೆಯ ಎಂ.ಎ. ನಡೆಯಿತು. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದ ಎಂ.ಎ. ಇದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಅಮೆರಿಕದಲ್ಲಂತೂ ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ 1983ರಲ್ಲೇ ಇಂಥ ಪದವಿ ತೆರೆಯಿತು.

ಸಾಮಾಜಿಕ ಉದ್ಯಮ ಎಂದರೆ ಏನು ಎಂದು ಕೇಳಿದರೆ ನಾನು ಮಧುರೆಯ ಅರವಿಂದ ಕಣ್ಣಾಸ್ಪತ್ರೆಯನ್ನು ತೋರಿಸುತ್ತೇನೆ. ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರು 58ನೆಯ ವಯಸ್ಸಿಗೆ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದರು. (ನಿವೃತ್ತರು ಕೇಳಿಸಿಕೊಳ್ಳಿ, ಬೆಳಗಿನ ವಾಕಿಂಗ್ ಆದ ಮೇಲೆ ಇಡೀ ದಿನ ಉಳಿಯುತ್ತದೆ.) ಕೊಡಬಲ್ಲವರು ಕೊಟ್ಟ ಹಣದಲ್ಲಿ ಕೊಡಲಾರದವರಿಗೆ ಶಸ್ತ್ರಚಿಕಿತ್ಸೆ. ಕಣ್ಣಿನೊಳಗೆ ಇಡುವ ಮಸೂರ ಹೊರದೇಶದಿಂದ ತರಿಸಿದರೆ ಬಡವನಿಗೆ ಎಟುಕದು ಎಂದು 1992ರಲ್ಲಿ ತಾವೇ ತಯಾರಿಸುವ ಘಟಕ ಕಟ್ಟಿದರು. ಬೇರೆ ಊರಿನ ಆಸ್ಪತ್ರೆಗಳವರಿಗೆ ಈ ನಿರ್ವಹಣೆಯನ್ನು ಕಲಿಸಲು ಒಂದು ಸಂಸ್ಥೆಯನ್ನೂ ಮಾಡಿದರು. ಲಾಭದ ಉದ್ದೇಶವಿಲ್ಲ ಎಂದರೆ ನಷ್ಟದ ಉದ್ದೇಶ ಎಂದಲ್ಲ, ಇದು ನಮ್ಮ ಮಂಡಳಿಗಳ ತಲೆಗೆ ಇನ್ನೂ ಹೋಗಬೇಕು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಬಡ ಹೆಂಗಸರಿಗೆ ಸಣ್ಣ ಸಾಲ ಕೊಡುವುದೂ ಸೇವೆಯೆಂದೇ ಶುರುವಾಯಿತು. ಲಾಭದ ರುಚಿ ಹತ್ತಿದ ಮೇಲೆ ಏನಾಯಿತೆಂದು 2010ರಲ್ಲಿ ಆಂಧ್ರ ಕಂಡಿತು. ನಮ್ಮ ರಾಜ್ಯವೂ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಂಪನಿಗಳಲ್ಲಿ ಕುಳಿತವರೂ ಓದಿದವರೇ. ಇಂಥ ಕೋರ್ಸುಗಳ ಭಾಷೆಯೂ ನನಗೆ ಸೇರುವುದಿಲ್ಲ. ಮಾತಿಗೊಮ್ಮೆ ಸ್ಟೇಕ್‌ಹೋಲ್ಡರ್, ಮಾತಿಗೊಮ್ಮೆ ಇಂಪ್ಯಾಕ್ಟ್. ಅಡುಗೆ ಮಾಡುವ ಅಕ್ಕನನ್ನು ಸ್ಟೇಕ್‌ಹೋಲ್ಡರ್ ಎಂದರೆ ಅವಳು ಬಯ್ಗುಳವೆಂದು ತಿಳಿದಾಳು. ಶುಲ್ಕ ಹೆಚ್ಚು. ಓದಿ ಮುಗಿಸಿದವರಲ್ಲಿ ಕೆಲವರು ಬ್ಯಾಂಕು, ಕಂಪನಿ ಸೇರುತ್ತಾರೆ ಎಂಬ ದೂರೂ ಹಳೆಯದು. ನಾವು ಸಂಬಳ ಕೊಡದೆ ಇದ್ದರೆ ಇನ್ನೆಲ್ಲಿಗೆ ಹೋಗಬೇಕು ಅವರು?

ಸಂಬಳದ ಮಾತು ಬಂತು. ಮಠದ ಕೆಲಸಕ್ಕೆ ಸಂಬಳ ಕೇಳಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದ ಪ್ರಸಂಗ ನಿಮಗೆಲ್ಲ ಗೊತ್ತು. ಎಷ್ಟು ಬಂತು, ಎಷ್ಟು ಬೇಕು, ಹೆಚ್ಚಿನದು ಯಾರದು ಎಂದು ಕೇಳಿದ ಲಕ್ಕಮ್ಮ ನನ್ನ ಕಣ್ಣಿಗೆ ಮೊದಲ ಲೆಕ್ಕ ಪರಿಶೋಧಕಿ. ಆದರೆ ಆ ದಿನಕ್ಕೆ ಬೇಕಾದಷ್ಟು ಅಕ್ಕಿಯನ್ನೂ ಸುರಿದು ಬಾ ಎಂದು ಆಕೆ ಹೇಳಲಿಲ್ಲ. ನಾವು ಹೇಳುತ್ತಿದ್ದೇವೆ. ಕಾಯಕ ಮಾಡುವವನ ಹೊಟ್ಟೆಯ ಮೇಲೆ ದಾಸೋಹ ನಡೆಸುವುದು ಯಾವ ಶರಣರಿಗೂ ಒಪ್ಪಿಗೆಯಾಗುವ ಮಾತಲ್ಲ.

ನಮಗೆ ಇದು ಹೊಸ ವಿದ್ಯೆಯೂ ಅಲ್ಲ. ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದರು. ಫ. ಗು. ಹಳಕಟ್ಟಿಯವರನ್ನು ನಾವು ವಚನ ಸಂಗ್ರಹಿಸಿದವರೆಂದು ಮಾತ್ರ ನೆನೆಯುತ್ತೇವೆ. 1910ರಲ್ಲಿ ವಿಜಾಪುರದಲ್ಲಿ ಶಿಕ್ಷಣ ಸಂಘ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಆಮೇಲೆ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಅವರು ಕಟ್ಟಿದ ಬ್ಯಾಂಕು, ಸಂಘ ಇವತ್ತಿಗೂ ಇವೆ. ಕಾನೂನು ಬಲ್ಲ ವಕೀಲರಾಗಿದ್ದರು ಎಂಬುದನ್ನು ಮರೆಯಬಾರದು.

ಒಂದು ಕಹಿ ಮಾತು, ಹಿರಿಯರು ಕ್ಷಮಿಸಬೇಕು. ಆಡಳಿತ ಮಂಡಳಿ ಎಂಬ ಪಾಠದಲ್ಲಿ ನಮ್ಮ ಬಹಳ ಟ್ರಸ್ಟುಗಳು ನಪಾಸು. ಅಪ್ಪನ ಕುರ್ಚಿಗೆ ಮಗ ಬರುತ್ತಾನೆ. ಕಟ್ಟಡದ ಗುತ್ತಿಗೆ ಟೆಂಡರಿಲ್ಲದೆ ಸದಸ್ಯರ ಅಳಿಯನಿಗೆ ಹೋಗುತ್ತದೆ. ಇಲಾಖೆಯಲ್ಲಿ ನಾನು ಇಂಥದನ್ನು ಮಾಡಿದ್ದರೆ ಮನೆಗೆ ಹೋಗುತ್ತಿದ್ದೆ. ಅನುಭವ ಮಂಟಪದಲ್ಲಿ ಹೆಣ್ಣುಮಕ್ಕಳು ಕುಳಿತಿದ್ದರೆಂದು ಪ್ರತಿ ಭಾಷಣದಲ್ಲಿ ಹೇಳುತ್ತೇವೆ. ನಮ್ಮದೇ ಟ್ರಸ್ಟಿನ ಒಂಬತ್ತು ಮಂದಿಯಲ್ಲಿ ಹೋದ ವರ್ಷದವರೆಗೆ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಈಗ ಇಬ್ಬರಿದ್ದಾರೆ. ಒಬ್ಬರು ಆ ಓದುವ ಕೋಣೆಗೆ ಹಣ ಕೊಟ್ಟಿದ್ದ ತಾಯಿ. ಪ್ರತಿ ಸಭೆಯಲ್ಲೂ ಮೊದಲು ರಸೀದಿ ಪುಸ್ತಕ ಕೇಳುತ್ತಾರೆ. ಕೋಣೆ ಚಾವಣಿ ಮಟ್ಟಕ್ಕೆ ಬಂದಿದೆ.

ನೋಂದಣಿ ಆಯಿತು. ಮುಂದಿನ ಜೂನ್‌ನಲ್ಲಿ ಸೇರ್ಪಡೆ ಮತ್ತೆ ಶುರು ಮಾಡಿದೆವು. ಆ ಹನ್ನೆರಡು ಹುಡುಗರ ಊರುಗಳಿಗೆ ಹೇಳಿ ಕಳಿಸಿದೆವು, ಏಳು ಮಂದಿ ಬಂದರು. ಟ್ರಂಕಿನ ಹುಡುಗ ಬರಲಿಲ್ಲ. ಗೋವಾಕ್ಕೆ ಕೆಲಸಕ್ಕೆ ಹೋಗಿದ್ದಾನೆಂದು ಊರವರು ಹೇಳಿದರು.

ಟ್ರಸ್ಟಿನ ಕಳೆದ ಸಭೆಯಲ್ಲಿ ಎರಡು ಠರಾವು ಆಗಿವೆ. ಪ್ರತಿ ವರ್ಷ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಇಂಥ ಸ್ನಾತಕೋತ್ತರ ಓದಿನ ಶುಲ್ಕವನ್ನು ನಾವು ಕೊಡುತ್ತೇವೆ. ಓದಿ ಬಂದವರು ಮೂರು ವರ್ಷ ನಮ್ಮ ಭಾಗದ ಯಾವುದಾದರೂ ಸಂಸ್ಥೆಯಲ್ಲಿ ದುಡಿಯಬೇಕು. ಹಾಗೆ ದುಡಿಯುವವರಿಗೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಸಮನಾದ ಸಂಬಳ, ಅದರಲ್ಲಿ ಅರ್ಧವನ್ನು ಆ ಸಂಸ್ಥೆ ಕೊಡಬೇಕು, ಅರ್ಧ ನಮ್ಮದು. ಮೊದಲ ಠರಾವಿಗೆ ಹಣ ಸಿಕ್ಕಿದೆ. ಎರಡನೆಯದಕ್ಕೆ ಒಪ್ಪಿರುವ ಸಂಸ್ಥೆ ಇಲ್ಲಿಯವರೆಗೆ ಒಂದೇ. ಇಲ್ಲಿ ಕುಳಿತಿರುವವರಲ್ಲಿ ಶಾಲೆ, ನಿಲಯ, ಗೋಶಾಲೆ ನಡೆಸುವವರು ಬಹಳ ಮಂದಿ ಇದ್ದೀರಿ. ಅರ್ಜಿಯ ನಮೂನೆಗಳನ್ನು ಹೊರಗೆ ಪುಸ್ತಕ ಮಾರುವ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರಸಾದಕ್ಕೆ ಹೋಗುವ ದಾರಿಯಲ್ಲೇ ಇದೆ.