ಮೊದಲು ಹೊಗೆ ನೋಡಿ, ಆಮೇಲೆ ಸಾಲ



ಹಿಂದೊಮ್ಮೆ ಹಳೇ ಡೀಸೆಲ್ ಟೆಂಪೋ ಕೊಳ್ಳಲು ಸಂಘದಿಂದ ಸಾಲ ಕೊಟ್ಟೆವು. ನಾವು ನೋಡಲು ಹೋದಾಗ ಮಾರುವವರು ಇಂಜಿನ್ ಬಿಸಿ ಮಾಡಿಟ್ಟಿದ್ದರು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ! ಇಂಜಿನ್ ಬಿಚ್ಚಿಸುವ ಖರ್ಚಿಗೆ ಆ ಸದಸ್ಯೆಯ ಕಂತು ನಿಂತಿತು. ಅದನ್ನು ನಾವೆಲ್ಲ ಉಳಿತಾಯದಿಂದ ತುಂಬಬೇಕಾಯಿತು. ಅದಕ್ಕೇ ಇವತ್ತು ಈ ಮಾತು.

ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರೀತಿಲ್ಲ ಅಂತ ಅರ್ಥ. ಗಾಳಿ ಸಾಲದ ಒಲೆ ಹೊಗೆಯಾಡೋದಿಲ್ವಾ, ಹಾಗೆ. ಮೊದಲು ಏರ್ ಫಿಲ್ಟರ್ ನೋಡಿಸಿ. ಧೂಳು ಕಟ್ಟಿದ್ದರೆ ಖರ್ಚು ಕಡಿಮೆ. ಆಮೇಲೆ ನಾಜಲ್, ಪಂಪು.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರೀತಿದೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ರಿಂಗ್ ಆದರೆ ಖರ್ಚು ದೊಡ್ಡದು.

ಬಿಳಿ ಹೊಗೆ ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಹೆದರಬೇಡಿ. ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರ್ ನೀರೂ ಇಳೀತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸಬೇಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ, ಮುಖ ಸುಟ್ಟೀತು.

ಇನ್ನು ಮುಂದೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಗಾಡಿ ನೋಡೋಣ. ಇಬ್ಬರು ಸದಸ್ಯೆಯರು ಹೋಗಿ, ನಂಬಿಕೆಯ ಮೆಕ್ಯಾನಿಕ್ಕನ್ನೂ ಕರ್ಕೊಂಡು ಹೋಗಿ. ಬಾನೆಟ್ ಮುಟ್ಟಿ, ಹೊಗೆ ನೋಡಿ. ಆಮೇಲೆ ಸಾಲದ ಮಾತನ್ನು ನಿರ್ಣಯ ಪುಸ್ತಕದಲ್ಲಿ ಬರೆಯೋಣ.