ಹಿತ್ತಲ ಬಾಗಿಲಲ್ಲಿ ಕೂತು ನೋಡಿದ ಸಿನಿಮಾ

(ವಿಜಯನಗರದ ಹಾಸ್ಟೆಲೊಂದರಲ್ಲಿ ಚಿತ್ರ ತೋರಿಸಿದ ಮೇಲೆ ಆಡಿದ ಮಾತು)



ಗೋಡೆಗೆ ಪಂಚೆ ಕಟ್ಟಿ ಈಗ ನಾವು ನೋಡಿದ್ದು ವಿಯೆಟ್ನಾಮಿನ ಕತೆ, 'ದಿ ಸೆಂಟ್ ಆಫ್ ಗ್ರೀನ್ ಪಪಾಯ'. ಪರಂಗಿಕಾಯಿಯ ವಾಸನೆ ಅಂತ ಇಟ್ಟುಕೊಳ್ಳಿ. ತ್ರಾನ್ ಆನ್ ಹುಂಗ್ 1993ರಲ್ಲಿ ಮಾಡಿದ್ದು. ಕತೆ ನಡೆಯೋದು 1951ರ ಸೈಗಾನಿನಲ್ಲಿ. ತೆಗೆದದ್ದು ಫ್ರಾನ್ಸಿನಲ್ಲಿ ಸೆಟ್ ಹಾಕಿ.

ನಡುವೆ ಕೆಲವರು ಎದ್ದು ಹೋದ್ರಿ. ತಪ್ಪಲ್ಲ ಬಿಡಿ. ಹೊಡೆದಾಟ ಇಲ್ಲ, ಮಾತೇ ಕಮ್ಮಿ. ಹತ್ತು ವರ್ಷದ ಮೂಯಿ ಹಳ್ಳಿಯಿಂದ ಬಂದು ಒಂದು ಮನೆಗೆ ಆಳಾಗುತ್ತಾಳೆ. ನೆಲ ಒರೆಸುತ್ತಾಳೆ, ಇರುವೆ ನೋಡುತ್ತಾಳೆ, ಕಾಯಿ ಸೀಳಿ ಒಳಗಿನ ಬಿಳಿ ಬೀಜ ಮುಟ್ಟಿ ನಗುತ್ತಾಳೆ. ಮನೆಯ ಚಿಕ್ಕ ಹುಡುಗ ಸುಮ್ಮಸುಮ್ಮನೆ ಕಾಡುತ್ತಾನೆ. ಮಗಳನ್ನು ಕಳಕೊಂಡ ಯಜಮಾನಿಗೆ ಇವಳ ಮೇಲೆ ಅಕ್ಕರೆ.

ನನ್ನ ಕಣ್ಣು ನಿಂತದ್ದು ಒಲೆಯ ಮುಂದೆ. ಆಳುಹುಡುಗಿ ಒಲೆ ಹಚ್ಚುತ್ತಾಳೆ, ಅವಳು ಮಾಡಿದ್ದನ್ನೇ ಯಜಮಾನರು ಉಣ್ಣುತ್ತಾರೆ! ನನ್ನ ಅಕ್ಕ 1974ರಲ್ಲಿ ಮಾಗಡಿ ಕಡೆಯ ನಮ್ಮೂರಿಂದ ರಾಜಾಜಿನಗರದ ಒಂದು ಮನೆಗೆ ಮುಸುರೆ ತಿಕ್ಕೋಕೆ ಬಂದಳು. ಅವಳಿಗೂ ಹತ್ತೇ ವರ್ಷ. ಹಿತ್ತಲಲ್ಲಿ ತಿಕ್ಕಿ ಬೋರಲು ಹಾಕಬೇಕು. ಮನೆಯಾಕೆ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತಕ್ಕೊಳ್ಳೋರು. ತೊಳೆದ ಕೈ ಮತ್ತೆ ಮೈಲಿಗೆ ಹೇಗಾಯ್ತು ಅಂತ ಅಕ್ಕ ಅವ್ವನ್ನ ಕೇಳಿದ್ದಳಂತೆ. ನಾಲ್ಕು ವರ್ಷ ದುಡಿದ ಮನೆಯ ಅಡಿಗೆಕೋಣೆ ಯಾವ ಕಡೆಗಿತ್ತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮೂಯಿ ಬಡವಿ, ನಿಜ. ಅಕ್ಕ ಬಡವಿ ಮಾತ್ರ ಆಗಿರಲಿಲ್ಲ.

ದೊಡ್ಡವಳಾದ ಮೂಯಿ ಪಿಯಾನೋ ನುಡಿಸುವವನ ಮನೆಗೆ ಹೋಗುತ್ತಾಳೆ. ಅವನು ಒಲಿಯುತ್ತಾನೆ, ಅಕ್ಷರ ಕಲಿಸುತ್ತಾನೆ. ಕೊನೆಗೆ ಅವಳು ತುಂಬಿದ ಬಸುರಿ, ಪುಸ್ತಕ ಓದುತ್ತಾಳೆ. ನೋಡೋಕೆ ಬಲು ಚೆಂದ. ನನ್ನ ಜಗಳ ಇರೋದೂ ಇಲ್ಲೇ. ಅಕ್ಷರ ಬರೋಕೆ ಯಜಮಾನ ಒಲಿಯಬೇಕಾ? ನಮ್ಮ ಕಡೆ ಒಲಿದರೆ ಏನಾಗುತ್ತೆ ಅಂತ 'ಚೋಮನ ದುಡಿ'ಯ ಬೆಳ್ಳಿಯನ್ನು ಕೇಳಿ. 1975ರ ಚಿತ್ರ. ಅಪ್ಪನ ಸಾಲ ತೀರಿಸೋಕೆ ತೋಟಕ್ಕೆ ಹೋದವಳು ಅವಳು.

ಜೀತ ರದ್ದು ಮಾಡಿದ ಕಾಯಿದೆ 1976ರದು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಕೂಡದು ಅನ್ನೋ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ಕ್ಕೆ. ಹೊಲದ ಜೀತ ಕಂಡ ಸರ್ಕಾರಕ್ಕೆ ಹಿತ್ತಲ ಜೀತ ಕಾಣೋಕೆ ಮೂವತ್ತು ವರ್ಷ ಹಿಡೀತು. ಬಸವೇಶ್ವರನಗರದ ಲಿಫ್ಟಿನ ಮನೆಗಳಿಗೆ ನಿಮ್ಮಲ್ಲಿ ಕೆಲವರ ತಾಯಂದಿರು ಈಗಲೂ ಹೋಗ್ತಾರೆ. ಯಾರ ಮನೆಯಲ್ಲಿ ಯಾವ ಲೋಟ ಅಂತ ನಾನು ಹೇಳಬೇಕಾಗಿಲ್ಲ.

ಹೋದ ತಿಂಗಳು ಅಕ್ಕನಿಗೂ ಇದನ್ನ ತೋರಿಸಿದೆ. ಕೆಳಗೆ ಬರೋ ಅಕ್ಷರ ಓದೋಕೆ ಬರಲ್ಲ. ಅವಳಿಗದು ಬೇಕಾಗಲೂ ಇಲ್ಲ. ಮೂಯಿ ನೆಲ ಒರೆಸುವಾಗ "ಬಟ್ಟೆ ಸರಿಯಾಗಿ ಹಿಂಡಮ್ಮಾ" ಅಂದಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ಆ ಮಗೀನ ಸಂಬಳ ಯಾರ್ ಇಸ್ಕೊಂಡೋದ್ರು?"

ಅಕ್ಕನ ಸಂಬಳವನ್ನು ಅಪ್ಪ ವರ್ಷಕ್ಕೊಂದು ಸಲ ಬಂದು ಇಸ್ಕೊಂಡು ಹೋಗ್ತಿದ್ದ. ನಾನು ಹಾಸ್ಟೆಲಿಗೆ ಹೊತ್ತುಕೊಂಡು ಬಂದ ಟ್ರಂಕು ಆ ದುಡ್ಡಿನದು. ಅವಳ ಮುಂದೆ ನನಗೆ ಬಾಯಿ ಬರಲಿಲ್ಲ. ಈಗ ನೀವು ಮಾತಾಡಿ.