ರೋಗಿ ಮತ್ತೆ ಬರಬೇಕೇ?



ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು 14 ಕಿಲೋಮೀಟರ್ ದಾರಿ. ಇಪ್ಪತ್ತು ವರ್ಷಗಳಿಂದ ನಾನು ವಾರಕ್ಕೆರಡು ದಿನ ಈ ದಾರಿಯಲ್ಲಿ ಹೋಗಿಬರುತ್ತಿದ್ದೇನೆ. ನಾಲ್ಕು ದಿನ ದಾವಣಗೆರೆಯಲ್ಲಿ, ಎರಡು ದಿನ ಹರಿಹರದಲ್ಲಿ, ಬೆನ್ನುನೋವು, ಕತ್ತುನೋವು, ಮಂಡಿನೋವು ಎಂದು ಬರುವವರನ್ನು ನೋಡುವುದು ನನ್ನ ಕಸುಬು. ನಾನು ಔಷಧ ಬರೆದುಕೊಡುವ ವೈದ್ಯನಲ್ಲ, ಶಸ್ತ್ರ ಹಿಡಿಯುವವನೂ ಅಲ್ಲ. ನನಗಿರುವ ಉಪಕರಣವೆಂದರೆ ಈ ಎರಡು ಕೈಗಳು. ಪದವಿಪತ್ರದಲ್ಲಿ ಇದಕ್ಕೆ ಫಿಸಿಯೋಥೆರಪಿ ಎಂಬ ಹೆಸರುಂಟು. ಹಳ್ಳಿಯಿಂದ ಬರುವವರಿಗೆ ಮಾತ್ರ ನಾನು ‘ನರ ಎಳೆಯುವ ಡಾಕ್ಟರು’.

ಇಂಥ ಚಿಕಿತ್ಸಾಲಯವೊಂದನ್ನು ನಡೆಸುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನಾನು ಕೊಂಚ ಅಳುಕಿದೆ. ನಡೆಸುವುದನ್ನು ಕಲಿಯುವ ಮೊದಲು ನಾನು ತಪ್ಪುವುದನ್ನು ಕಲಿತವನು. ಆ ತಪ್ಪನ್ನೂ ಹೇಳುವುದಾದರೆ ಮಾತ್ರ ಈ ಮಾತಿಗೆ ಅರ್ಥ ಉಂಟೆಂದು ಒಪ್ಪಿಕೊಂಡೆ.

ಊರಿನ ದುಡಿಮೆ ಊರಿನವರ ಬೆನ್ನಿನ ಮೇಲೆ ಬರೆದಿರುತ್ತದೆ. ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲನ ನೋವು ಸೊಂಟದಲ್ಲಿ. ಮಂಡಕ್ಕಿ ಭಟ್ಟಿಯ ಬೆಂಕಿಯೆದುರು ನಿಂತು ಹುರಿಯುವವನ ನೋವು ಭುಜದಲ್ಲಿ. ಹರಿಹರದಲ್ಲಿ ನನ್ನ ಮೊದಲ ರೋಗಿಗಳು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಕೆಲಸಗಾರರು. 1941ರಲ್ಲಿ ಆರಂಭವಾದ ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳ ಮೇಲಾಯಿತು. ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ಕತ್ತು ಬಗ್ಗಿಸಿ ನಿಂತವರ ಕತ್ತು ಮಾತ್ರ ಯಂತ್ರ ನಿಂತ ಮೇಲೂ ನೇರವಾಗಲಿಲ್ಲ.

ಕೈಯಿಂದ ಮೂಳೆ ಕೀಲುಗಳನ್ನು ಸರಿಪಡಿಸುವ ವಿದ್ಯೆ ನಮಗೆ ಹೊಸದೇನಲ್ಲ. ಉಳುಕು ತೆಗೆಯುವ ಅಜ್ಜ, ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟುವ ನಾಟಿವೈದ್ಯ ಪ್ರತಿ ಸೀಮೆಯಲ್ಲೂ ಇದ್ದರು, ಈಗಲೂ ಇದ್ದಾರೆ. ಆಂಧ್ರದ ಪುತ್ತೂರಿನ ಕಟ್ಟಿನ ಹೆಸರು ಕೇಳದ ಕನ್ನಡಿಗರು ಕಡಿಮೆ. ಇದೇ ಬಗೆಯ ಹಸ್ತವಿದ್ಯೆಯೊಂದು ಅಮೆರಿಕದಲ್ಲಿ ಕೈರೋಪ್ರ್ಯಾಕ್ಟಿಕ್ ಎಂಬ ಹೆಸರಿನಿಂದ ದೊಡ್ಡ ವೃತ್ತಿಯಾಗಿ ಬೆಳೆಯಿತು. 1895ರಲ್ಲಿ, ಮಿಸಿಸಿಪಿ ನದಿಯ ದಂಡೆಯ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ, ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿವಿ ಕೇಳದಿದ್ದ ಒಬ್ಬ ಜಾಡಮಾಲಿಯ ಬೆನ್ನುಮೂಳೆಯನ್ನು ಒತ್ತಿದ, ಅವನಿಗೆ ಕಿವಿ ಕೇಳಿಸಿತು ಎಂಬುದು ಆ ವೃತ್ತಿಯವರು ಹೇಳಿಕೊಂಡು ಬಂದ ಕಥೆ. ಕಥೆ ಎಷ್ಟು ನಿಜವೋ, ಪಾಮರ್ 1906ರಲ್ಲಿ ಪರವಾನಗಿಯಿಲ್ಲದೆ ಚಿಕಿತ್ಸೆ ಮಾಡಿದ ಆರೋಪದ ಮೇಲೆ ಸೆರೆಮನೆಗೆ ಹೋದದ್ದಂತೂ ನಿಜ. 1913ರಲ್ಲಿ ಕ್ಯಾನ್ಸಾಸ್ ಸಂಸ್ಥಾನ ಈ ವೃತ್ತಿಗೆ ಮೊದಲ ಕಾಯಿದೆ ಮಾಡಿತು. ಕೊನೆಯದಾಗಿ ಲೂಸಿಯಾನ ಮಾಡಿದ್ದು 1974ರಲ್ಲಿ. ಅಂಗೀಕಾರದ ಆ ದಾರಿಯನ್ನು ನಡೆಯಲು ಅರವತ್ತು ವರ್ಷ ಹಿಡಿಯಿತು.

ನನ್ನ ಸೋದರಳಿಯನೊಬ್ಬ ಅಲ್ಲಿ ಈ ವೃತ್ತಿಯಲ್ಲಿದ್ದಾನೆ. ಅವನು ಹೇಳುವುದನ್ನು ಕೇಳಿದರೆ, ಅಲ್ಲಿ ರೋಗಿಯ ಬೆನ್ನು ಮುಟ್ಟುವ ಮೊದಲು ತನ್ನ ಬೆನ್ನು ಬಾಗುವಷ್ಟು ಕಾಗದಗಳನ್ನು ಹೊರಬೇಕು. ಪದವಿ, ಸಂಸ್ಥಾನದ ಪರವಾನಗಿ ಇವೆರಡಿದ್ದರೆ ಸಾಲದು. ರೋಗಿಯ ಪರವಾಗಿ ಹಣ ಕೊಡುವ ವಿಮಾ ಕಂಪನಿಗಳು ಒಂದೊಂದೂ ಅವನ ವಿದ್ಯೆ, ಅನುಭವ, ಅವನ ಮೇಲೆ ಹಿಂದೆ ದಾವೆಗಳಿದ್ದರೆ ಅವು, ಎಲ್ಲವನ್ನೂ ಮೂಲದಿಂದಲೇ ವಿಚಾರಿಸಿ ತಿಳಿದುಕೊಂಡು, ತಿಂಗಳುಗಟ್ಟಲೆ ಕಾಯಿಸಿ, ಬಳಿಕ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಮೂರು ವರ್ಷಕ್ಕೊಮ್ಮೆ ಮತ್ತೆ ಅದೇ ಪರೀಕ್ಷೆ.

ನಮ್ಮ ದೇಶದಲ್ಲಿ ಕೈರೋಪ್ರ್ಯಾಕ್ಟಿಕ್ಕಿಗೆಂದೇ ಪ್ರತ್ಯೇಕವಾದ ಕಾಯಿದೆಯಿಲ್ಲ. ಎರಡು ವಾರದ ಶಿಬಿರಕ್ಕೆ ಹೋಗಿಬಂದವನೂ ಬೆನ್ನುಮೂಳೆಯನ್ನು ‘ಟಕ್’ ಎನ್ನಿಸಿ ಆ ಹೆಸರಿನ ಬೋರ್ಡು ತೂಗುಹಾಕುವುದುಂಟು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ವಿದ್ಯೆಯ ಪೂರ್ಣ ಶಿಕ್ಷಣಕ್ಕೆ 4200 ಗಂಟೆಗಳಿಗೆ ಕಡಿಮೆಯಿಲ್ಲದ ಅಭ್ಯಾಸ ಬೇಕೆಂದಿದೆ. ಎರಡು ವಾರವೆಲ್ಲಿ, 4200 ಗಂಟೆಯೆಲ್ಲಿ!

ಫಿಸಿಯೋಥೆರಪಿಯ ಸ್ಥಿತಿ ಇದಕ್ಕಿಂತ ಉತ್ತಮ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಮೇರೆಗೆ ಚಿಕಿತ್ಸಾಲಯವನ್ನು ಜಿಲ್ಲಾ ಮಟ್ಟದ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ದರಗಳನ್ನು ರೋಗಿಗಳಿಗೆ ಕಾಣುವಂತೆ ತೂಗುಹಾಕಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ಕಾಯಿದೆಯೊಂದು ಫಿಸಿಯೋಥೆರಪಿಯೂ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳನ್ನು ಒಂದು ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ತಂದಿತು. ಇದೆಲ್ಲ ಆಗಬೇಕಾದದ್ದೇ. ನನ್ನ ನೋಂದಣಿ ಪತ್ರ ಮೊದಲ ಸಲ ಕೈಗೆ ಬಂದಾಗ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಒಳಗೆ ಬಂದವರ ಕಣ್ಣಿಗೆ ಬೀಳುವ ಕಡೆ ತೂಗುಹಾಕಿದೆ. ಆದರೆ ಆ ಚೌಕಟ್ಟಿನ ಅಡಿಯಲ್ಲೇ ಕುಳಿತು ನಾನೊಂದು ತಪ್ಪು ಮಾಡಿದೆ.

ಸೋದರಳಿಯ ಒಮ್ಮೆ ಊರಿಗೆ ಬಂದಿದ್ದಾಗ ನನ್ನ ಚಿಕಿತ್ಸಾಲಯವನ್ನು ನೋಡಿ ಹೇಳಿದ: “ಮಾವ, ನಿನ್ನ ಕೈ ಚೆನ್ನಾಗಿದೆ, ಲೆಕ್ಕ ಚೆನ್ನಾಗಿಲ್ಲ. ನೋವು ಕಡಿಮೆಯಾದ ಕೂಡಲೇ ನಿನ್ನ ರೋಗಿಗಳು ಬರುವುದನ್ನು ಬಿಡುತ್ತಾರೆ. ಹನ್ನೆರಡು ಸಲದ ದುಡ್ಡನ್ನು ಮೊದಲೇ ತೆಗೆದುಕೊ, ಸ್ವಲ್ಪ ರಿಯಾಯಿತಿ ಕೊಡು. ದುಡ್ಡು ಕೊಟ್ಟವನು ಬಂದೇ ಬರುತ್ತಾನೆ.” ಅವನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಅರ್ಧಕ್ಕೆ ಚಿಕಿತ್ಸೆ ಬಿಟ್ಟವರ ನೋವು ಮರುಕಳಿಸುವುದು ನಿಜ. ನನ್ನ ತಿಂಗಳ ಬಾಡಿಗೆ ನಿಲ್ಲದಿರುವುದೂ ಅಷ್ಟೇ ನಿಜ. ಬಿತ್ತನೆಯ ಕಾಲದಲ್ಲಿ ಹಳ್ಳಿಯವರು ನೋವನ್ನು ಕಟ್ಟಿಟ್ಟು ಹೊಲಕ್ಕೆ ಹೋಗುತ್ತಾರೆ. ಆಗ ಇಡೀ ದಿನ ಖಾಲಿ ಮಂಚವನ್ನು ನೋಡುತ್ತಾ ಕೂರಬೇಕು. ಸಲಹೆ ರುಚಿಸಿತು. ಹನ್ನೆರಡು ಸಲದ ಚೀಟಿ ಮುದ್ರಿಸಿದೆ.

2011ರಲ್ಲಿ ಆ ಚೀಟಿ ಕೊಂಡವರಲ್ಲಿ ಒಬ್ಬ ಹಮಾಲರಿದ್ದರು. ನನಗಿಂತ ಹಿರಿಯರು, ಐವತ್ತು ದಾಟಿದವರು. ನಡುಬೆನ್ನಿನಲ್ಲಿ ನೋವು. ಚೀಲ ಹೊರುವವರಿಗೆ ಬೆನ್ನುನೋವು ಬಾರದೆ ಇನ್ನೇನು ಬರುತ್ತದೆ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದೆ. ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ, ಕೈಯಿಂದ ಒತ್ತಿದೆ. ನಾಲ್ಕು ವಾರ ಕಳೆದರೂ ನೋವು ಇಳಿಯಲಿಲ್ಲ. ಒಳಗೆಲ್ಲೋ ನನಗೆ ಸಂಶಯ ಬಂದಿತ್ತು. ಆದರೆ ಚೀಟಿಯಲ್ಲಿ ಇನ್ನೂ ನಾಲ್ಕು ಮನೆಗಳು ಖಾಲಿ ಉಳಿದಿದ್ದವು. ಈಗ ಬೇರೆ ಕಡೆಗೆ ಕಳಿಸಿದರೆ ದುಡ್ಡು ಹಿಂದಿರುಗಿಸಬೇಕಲ್ಲ ಎಂಬ ಯೋಚನೆ ನನಗೆ ಬರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಅವರೂ ಅಂದರು: “ಕೊಟ್ಟಿದ್ದು ಕೊಟ್ಟಾಗೈತಲ್ಲ ಸಾರ್, ಉಳಿದದ್ದೂ ಮುಗಿಸಿಬಿಡಾನ.” ಹೀಗೆ ಇಬ್ಬರನ್ನೂ ಆ ಚೀಟಿಯೇ ಕಟ್ಟಿಹಾಕಿತ್ತು.

ಒಂಬತ್ತನೆಯ ಸಲ ಅವರ ಹೆಂಡತಿ ಜೊತೆಗೆ ಬಂದರು. ನಾನು ಕೈತೊಳೆಯುತ್ತಿದ್ದಾಗ ಆಕೆ ಮೆಲ್ಲಗೆ ಹೇಳಿದರು: “ಸಂಜಿಯಾದ್ರ ಮೈ ಬಿಸಿ ಆಗತೈತ್ರಿ. ರಾತ್ರಿ ಮಲಗಿದ್ರೂ ನೋವು ಬಿಡಂಗಿಲ್ಲ. ಅಂಗಿ ಎಲ್ಲಾ ಸಡಲ ಆಗ್ಯಾವ.” ನನ್ನ ಕೈ ಅಲ್ಲೇ ನಿಂತಿತು. ಸಂಜೆಯ ಜ್ವರ, ವಿಶ್ರಾಂತಿಗೂ ಬಗ್ಗದ ರಾತ್ರಿಯ ನೋವು, ಇಳಿಯುತ್ತಿರುವ ತೂಕ: ಇವು ಮೂರನ್ನೂ ಮೊದಲ ದಿನವೇ ಕೇಳಬೇಕೆಂದು ಕಾಲೇಜಿನ ಎರಡನೆಯ ವರ್ಷದ ಹುಡುಗನಿಗೂ ಗೊತ್ತು. ನಾನು ಕೇಳಿರಲಿಲ್ಲ. ಅಂದೇ ಮೂಳೆವೈದ್ಯರಿಗೆ ಪತ್ರ ಬರೆದು ಕಳಿಸಿದೆ. ಬೆನ್ನುಮೂಳೆಯ ಕ್ಷಯ. ರೋಗ ಎರಡು ಮಣಿಗಳನ್ನು ತಿಂದಿತ್ತು. ಟೊಳ್ಳಾದ ಮಣಿಗಳ ಮೇಲೆ ನಾನು ಇನ್ನೂ ಸ್ವಲ್ಪ ಬಲವಾಗಿ ಒತ್ತಿದ್ದರೆ ಅವರ ಕಾಲುಗಳ ಸ್ವಾಧೀನವೇ ತಪ್ಪಬಹುದಾಗಿತ್ತು.

ಸರ್ಕಾರದ ಉಚಿತ ಔಷಧದಿಂದ ಅವರು ಉಳಿದರು, ನಡೆದಾಡಿದರು. ಆದರೆ ಚೀಲ ಹೊರುವ ಕೆಲಸ ಮುಗಿದುಹೋಯಿತು. ಮೊದಲ ವಾರವೇ ಕಳಿಸಿದ್ದರೆ ಆ ಬೆನ್ನು ಇನ್ನಷ್ಟು ಉಳಿಯುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಯಾರಿಗೂ ತಿಳಿಯದು. ನಾನು ಮಾತ್ರ ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಹನ್ನೆರಡೂ ಸಲದ ಹಣವನ್ನು ಅವರ ಮನೆಗೆ ಹೋಗಿ ಹಿಂದಿರುಗಿಸಿದೆ. ಉಳಿದ ಚೀಟಿಗಳನ್ನು ಒಲೆಗೆ ಹಾಕಿದೆ.

ಅಂದಿನಿಂದ ನನ್ನ ಚಿಕಿತ್ಸಾಲಯದಲ್ಲಿ ಕೆಲವು ನಿಯಮಗಳಿವೆ. ಮೊದಲ ದಿನ ಮುಟ್ಟುವುದಕ್ಕಿಂತ ಕೇಳುವುದು ಹೆಚ್ಚು. ಜ್ವರವುಂಟೇ, ತೂಕ ಇಳಿದಿದೆಯೇ, ಬಿದ್ದ ಪೆಟ್ಟೇ, ಹಿಂದೆ ಅರ್ಬುದ ರೋಗವಾಗಿತ್ತೇ, ಮಲಮೂತ್ರದ ಹಿಡಿತ ತಪ್ಪಿದೆಯೇ, ತೊಡೆಸಂದು ಜೋಮು ಹಿಡಿದಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ನನ್ನ ಕೈ ಮುಂದಾಗುವುದಿಲ್ಲ. ವೈದ್ಯರಿಗೆ ಪತ್ರ ಬರೆಯುತ್ತದೆ. ಎರಡನೆಯದು, ಹಣ ಆಯಾ ದಿನದ್ದು ಆಯಾ ದಿನಕ್ಕೆ. ಮೂರನೆಯದು, ಸಾಧಾರಣ ಬೆನ್ನುನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂದು, ಹಾಸಿಗೆ ಹಿಡಿಯುವುದಕ್ಕಿಂತ ಓಡಾಡುವುದೇ ಮೇಲೆಂದು ಮೊದಲೇ ಹೇಳಿಬಿಡುತ್ತೇನೆ. ಆರು ವಾರಕ್ಕೂ ಇಳಿಯದಿದ್ದರೆ ದಾರಿ ಬದಲಿಸುತ್ತೇನೆ. ನಾಲ್ಕನೆಯದು, ನಾನು ಮಾಡುವುದನ್ನು ಅವರೇ ಮನೆಯಲ್ಲಿ ಮಾಡಿಕೊಳ್ಳುವಂತೆ ಕಲಿಸುತ್ತೇನೆ.

“ಹೀಗೆ ಕಲಿಸಿ ಕಳಿಸಿದರೆ ರೋಗಿ ಮತ್ತೆ ಏಕೆ ಬರುತ್ತಾನೆ?” ಎಂದು ಸೋದರಳಿಯ ದೂರವಾಣಿಯಲ್ಲಿ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಅವನ ದೇಶದಲ್ಲೇ ವೃದ್ಧರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆ ಬೆನ್ನುಮೂಳೆಯ ಚಿಕಿತ್ಸೆಗೆ ಹಣ ಕೊಡುವುದು ಸುಧಾರಣೆಯ ನಿರೀಕ್ಷೆ ಇರುವವರೆಗೆ ಮಾತ್ರ. ಇದ್ದ ಸ್ಥಿತಿಯನ್ನು ಕಾಪಾಡಿಕೊಂಡು ಹೋಗಲೆಂದು ವರ್ಷಗಟ್ಟಲೆ ಮಾಡುವ ಚಿಕಿತ್ಸೆಗೆ ಅದು ಹಣ ಕೊಡುವುದಿಲ್ಲ. ರೋಗಿಯನ್ನು ಉಳಿಸಿಕೊಳ್ಳುವುದು ಬೇರೆ, ರೋಗವನ್ನು ಉಳಿಸಿಕೊಳ್ಳುವುದು ಬೇರೆ ಎಂದು ಅಲ್ಲಿನ ಲೆಕ್ಕಿಗರಿಗೂ ಹೊಳೆದಿದೆ.

ಚೀಟಿ ಬಿಟ್ಟ ಮೇಲೆ ಎರಡು ವರ್ಷ ನನಗೆ ಕಷ್ಟವಾಯಿತೆಂಬುದನ್ನು ಮುಚ್ಚಿಡಲಾರೆ. ಹರಿಹರದ ಕೋಣೆಯ ಬಾಡಿಗೆಯನ್ನು ದಾವಣಗೆರೆಯ ಗಳಿಕೆಯಿಂದ ತುಂಬಿದ ತಿಂಗಳುಗಳುಂಟು. ಆಮೇಲೆ ನಿಧಾನವಾಗಿ ಒಂದು ಸಂಗತಿ ಕಂಡಿತು. ಗುಣವಾಗಿ ಹೋದವರು ಬರಲಿಲ್ಲ. ಅವರು ಕಳಿಸಿದವರು ಬಂದರು. ಲೇತ್ ಕೆಲಸದ ಹಿರಿಯರೊಬ್ಬರು ಮೂರು ವಾರದಲ್ಲಿ ನನ್ನಿಂದ ಬಿಡುಗಡೆ ಹೊಂದಿದರು. ಐದು ವರ್ಷದ ಮೇಲೆ ಅವರ ಸೊಸೆ ಬಂದರು, ಬಳಿಕ ಬೀಗರು. ಈಗ ಮೊಮ್ಮಗ, ಕಂಪ್ಯೂಟರ್ ಮುಂದೆ ಕುಳಿತು ಅಜ್ಜನ ಕತ್ತನ್ನೇ ಸಂಪಾದಿಸಿಕೊಂಡಿದ್ದಾನೆ. ಒಂದೇ ಬೆನ್ನನ್ನು ಇಪ್ಪತ್ತು ವರ್ಷ ನೋಡುವುದಕ್ಕಿಂತ ಒಂದು ಮನೆಯನ್ನು ಇಪ್ಪತ್ತು ವರ್ಷ ನೋಡುವುದು ಮೇಲಲ್ಲವೇ?

ಆ ಹಮಾಲರು ಈಗ ಮಾರುಕಟ್ಟೆಯ ಬಳಿ ಚಹದಂಗಡಿ ಇಟ್ಟುಕೊಂಡಿದ್ದಾರೆ. ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ನಾನೇ ಅವರಿಗೆ ಬಿಡಿಸಿ ಹೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನನ್ನನ್ನು ಕ್ಷಮಿಸಿದರೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ಸೊಂಟ ಹಿಡಿದುಕೊಂಡ ಹುಡುಗರನ್ನು ಅವರು ಇಂದಿಗೂ ನನ್ನ ಬಳಿಗೆ ಕಳಿಸುತ್ತಾರೆ. ಮೊನ್ನೆ ಬಂದವನೊಬ್ಬನನ್ನು ಕೇಳಿದೆ, “ಏನು ಹೇಳಿ ಕಳಿಸಿದರಪ್ಪಾ?” ಎಂದು. “ಆ ಡಾಕ್ಟ್ರು ತನ್ನ ಕೈಲಾಗದಿದ್ರ ಆಗಂಗಿಲ್ಲ ಅಂತ ಈಗ ಮೊದಲ ದಿನಾನೇ ಹೇಳ್ತಾನ, ಹೋಗು ಅಂದ್ರು ಸಾರ್” ಎಂದ.

ಅವರ ಮಾತಿನಲ್ಲಿದ್ದ ‘ಈಗ’ ಎಂಬ ಶಬ್ದವನ್ನು ನಾನು ಗಮನಿಸದೆ ಇರಲಿಲ್ಲ. ಗೋಡೆಯ ಮೇಲಿನ ನೋಂದಣಿ ಪತ್ರವನ್ನು ಅವಧಿ ಮುಗಿದಾಗ ಕಚೇರಿಯಲ್ಲಿ ನವೀಕರಿಸಿಕೊಡುತ್ತಾರೆ. ಈ ಪತ್ರವನ್ನು ಮಾತ್ರ ಬರುವ ಪ್ರತಿಯೊಬ್ಬ ರೋಗಿಯೆದುರು, ಪ್ರತಿ ದಿನ, ನಾನೇ ನವೀಕರಿಸಿಕೊಳ್ಳಬೇಕಾಗಿದೆ.